ಮೊದಲ ಮನೆಯ ನೆರಳು ಮಾಫಿ

ನಾದಿನಿಯಾದವಳು ಅತ್ತಿಗೆಯನ್ನು ಹೊಗಳಿದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಏನೋ ಕೆಲಸ ಆಗಬೇಕಾಗಿದೆ, ಅದಕ್ಕೇ ಬೆಣ್ಣೆ ಹಚ್ಚುತ್ತಿದ್ದಾಳೆ ಅನ್ನುತ್ತಾರೆ. ಅನ್ನಲಿ. ನನಗೆ ಆಗಬೇಕಾದ ಕೆಲಸ ಏನೂ ಉಳಿದಿಲ್ಲ, ಆದರೂ ಹೊಗಳುತ್ತೇನೆ. ಅವಳ ಹೆಸರು ಫಕ್ಕೀರವ್ವ. ನನ್ನ ಅಣ್ಣ ಅಡಿವೆಪ್ಪನ ಹೆಂಡತಿ. ನಾನು ವೈನಿ ಎಂದು ಕರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಗೆ ಬಂದಾಗ, ಬಾಗಿಲಲ್ಲಿ ನಿಂತಿದ್ದ ನನ್ನ ಗಂಟನ್ನು ಇಸಿದುಕೊಂಡು ಅವಳು ಕೇಳಿದ್ದು ಒಂದೇ ಮಾತು: "ಹಿಟ್ಟು ನಾದಾಕ ಬರ್ತೈತಿಲ್ಲ?" ಅಂದಿನಿಂದ ನಾನು ಜೋಳದ ಹಿಟ್ಟು ನಾದುತ್ತಿದ್ದೆ, ಅವಳು ರೊಟ್ಟಿ ಬಡಿಯುತ್ತಿದ್ದಳು. ಊರಿನ ಅರ್ಧ ಖಾನಾವಳಿಗಳಿಗೆ ಹೋಗುತ್ತಿದ್ದುದು ಅವಳ ಕೈ ರೊಟ್ಟಿಯೇ. ಹಾಗೆ ಬಡಿದು ಬಡಿದೇ ಅವಳು ಒಂದು ಮನೆ ಕೊಂಡಳು.

ನಮ್ಮೂರಿನ ಕಂದಾಯ ನೆರಳು. ಯುಗಾದಿಯಾದ ಮಾರನೆಯ ವಾರ ಕಚೇರಿಯ ಶಿಪಾಯಿಗಳು ಓಣಿ ಓಣಿಗೆ ಬರುತ್ತಾರೆ. ಒಬ್ಬೊಬ್ಬರನ್ನೇ ಬಿಸಿಲಿಗೆ ನಿಲ್ಲಿಸಿ, ಹಿಮ್ಮಡಿಯ ಹತ್ತಿರ ಉಗುರು ಕೊಟ್ಟು ಎಬ್ಬಿಸಿ, ನೆರಳನ್ನು ಚಾಪೆಯ ಹಾಗೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾರೆ. ಸ್ವಂತ ಮನೆ ಇದ್ದವರದು ಸೊಂಟದವರೆಗೆ ಮಾತ್ರ. ಬಾಡಿಗೆಯವರದು ತಲೆಯಿಂದ ಕಾಲಿನವರೆಗೆ ಇಡಿಯಾಗಿ. ಒಯ್ದ ನೆರಳನ್ನು ಗಳ ಕಟ್ಟಿ ಸಂತೆಯ ಮೇಲೆ, ಸಾಲೆಯ ಮೇಲೆ, ದವಾಖಾನೆಯ ಅಂಗಳದ ಮೇಲೆ ಹಾಸುತ್ತಾರೆ. ಮಿಕ್ಕಿದ್ದನ್ನು ಕಚೇರಿಯ ಕೋಠಿಯಲ್ಲಿ ಒಟ್ಟಿ ಇಡುತ್ತಾರೆ. ಊರೆಲ್ಲ ಬಂಡೆ, ಒಂದು ಬೇವಿನ ಗಿಡ ಸಹ ನಿಲ್ಲುವುದಿಲ್ಲ, ಹಾಗಾಗಿ ಯಾರೂ ತಕರಾರು ಮಾಡುವ ಹಾಗಿಲ್ಲ. ಸಂತೆಯಲ್ಲಿ ಕೊತ್ತಂಬರಿ ಆರಿಸುವಾಗ ತಲೆ ಎತ್ತಿದರೆ ಮೇಲೆ ಯಾರದೋ ತಲೆಯ ಪಟಕ, ಯಾರದೋ ಚೂಪು ಮೂಗು. "ಏ, ಅದು ನಿಮ್ಮ ಮಾವನ ಮೂಗಲ್ಲೇನ?" ಎಂದು ಹೆಂಗಸರು ನಗುತ್ತಾರೆ. ಕೊಟ್ಟ ನೆರಳು ದೀಪಾವಳಿಯ ಹೊತ್ತಿಗೆ ಮತ್ತೆ ಬೆಳೆಯುತ್ತದೆ, ನಿಜ. ಆದರೆ ನೆರಳು ಬೇಕಾದದ್ದು ಬೇಸಿಗೆಯಲ್ಲಿ. ಬಾಡಿಗೆಯವರು ಬೇಸಿಗೆಯೆಲ್ಲ ಮೈಗೆ ತಂಪಿಲ್ಲದೆ ಗೋಡೆ ಹಿಡಿದು ನಡೆಯುತ್ತಾರೆ. ವೈನಿ ದಿನ ತುಂಬಿದ ಬಸುರಿಯಾಗಿದ್ದ ವರ್ಷವೂ ಅವಳ ನೆರಳನ್ನು ಪೂರ್ತಿ ಒಯ್ದಿದ್ದರು. ಆ ಕೂಸು ಉಳಿಯಲಿಲ್ಲ. ಆಮೇಲೆ ಮತ್ತೊಂದು ಆಗಲೂ ಇಲ್ಲ.

ಮನೆ ಯಾರದು ಎನ್ನುವುದಕ್ಕೆ ನಮ್ಮಲ್ಲಿ ಕಾಗದ ಕೇಳುವುದಿಲ್ಲ. ಹೊಸ್ತಿಲಿಗೆ ಹಸಿ ಗಾರೆ ಮೆತ್ತಿ, ಅದರ ಮೇಲೆ ಅಂಗೈ ಊರಬೇಕು. ಅಂಗೈ ಯಾರದೋ ಮನೆ ಅವರದು. ಹೀಗೆ ಜೀವಮಾನದಲ್ಲಿ ಮೊದಲ ಸಲ ಅಂಗೈ ಊರಿದವರಿಗೆ ಕಚೇರಿ ಮಾಫಿ ಕೊಡುತ್ತದೆ. ಆ ವರ್ಷ ನೆರಳು ಕೊಡಬೇಕಾಗಿಲ್ಲ, ಹಿಂದಿನ ವರ್ಷ ಕೊಟ್ಟದ್ದೂ ತಿರುಗಿ ಕೈಗೆ ಬರುತ್ತದೆ, ಮಾಳಿಗೆಯ ಮೇಲೆ ಹಾಸಿಕೊಳ್ಳಲಿಕ್ಕೆ. ಒಂದು ನೆರಳು ಹಾಸಿದರೆ ಒಳಗಿನ ಕೋಣೆ ಹೊಸ ಗಡಿಗೆಯ ನೀರಿನಷ್ಟು ತಂಪಾಗುತ್ತದೆ.

ನಮಗೆ ಆ ಮಾಫಿ ಬೇಕೇ ಬೇಕಿತ್ತು. ಅಣ್ಣ ಸುಣ್ಣದ ಗೂಡಿನಲ್ಲಿ ದುಡಿದವನು. ಗೂಡಿನ ಕಾವು ಅವನ ಮೈಯಲ್ಲಿನ ಬೆವರನ್ನೆಲ್ಲ ಕುಡಿದುಬಿಟ್ಟಿತ್ತು. ಎಂಥ ಸೆಕೆಯಲ್ಲೂ ಒಂದು ಹನಿ ಬೆವರು ಬರುತ್ತಿರಲಿಲ್ಲ. ಮೈ ಕೆಂಡವಾಗಿ, ಕಣ್ಣು ಮೇಲಾಗಿ ಬಿದ್ದುಬಿಡುತ್ತಿದ್ದ. ದವಾಖಾನೆಯ ಡಾಕ್ಟರು ವೈನಿಯನ್ನು ಹೊರಗೆ ಕರೆದು, "ಈ ಬ್ಯಾಸಗಿ ಇವರನ್ನ ತಂಪಿನ್ಯಾಗ ಇಡ್ರಿ. ಇಡಾಕ ಆಗಲಿಲ್ಲಾಂದ್ರ ಆಮ್ಯಾಲ ನನ್ನ ಹಂತ್ಯಾಕ ಬಂದು ಉಪಯೋಗಿಲ್ಲ" ಎಂದು ನೇರವಾಗಿಯೇ ಹೇಳಿದ್ದರು. ಆಗ ನಾವಿದ್ದದ್ದು ಬಾಡಿಗೆಯ ತಗಡಿನ ಮನೆ. ವೈನಿ ಮನೆ ಹುಡುಕಲು ಹೊರಟಾಗ ನಾನು ನಕ್ಕೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಸುಮ್ಮನೆ ಹೇಳಿದ್ದಾರೆಯೇ? ಅವಳು ನನ್ನ ನಗೆಯನ್ನು ಕಿವಿಗೆ ಹಾಕಿಕೊಳ್ಳದೆ, ಊರ ಅಂಚಿನಲ್ಲಿ ಎರಡು ಕೋಣೆಯ ಒಂದು ಚಪ್ಪಡಿ ಕಲ್ಲಿನ ಮನೆ ಗೊತ್ತು ಮಾಡಿಕೊಂಡು ಬಂದಳು. ಮಧ್ಯಾಹ್ನ ಆ ಮನೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಆದರೆ ಮಾಫಿಯ ನೆರಳು ಹಾಸಿದರೆ ಅಣ್ಣ ಉಳಿಯುತ್ತಾನೆ. ಆ ನಂಬಿಕೆಯ ಮೇಲೆಯೇ ಅವಳು ಕೊಂಡದ್ದು.

ಅಂಗೈ ಊರುವ ದಿನ ಓಣಿಯವರೆಲ್ಲ ಬಂದಿದ್ದರು. ವೈನಿ ಹಸಿ ಗಾರೆಯ ಮುಂದೆ ಕುಳಿತು, ಸೆರಗು ಸಿಕ್ಕಿಸಿಕೊಂಡು, ಅಂಗೈ ಇಟ್ಟಳು. ಇಟ್ಟಳು ಎಲ್ಲಿ ಬಂತು, ರೂಢಿಬಲದಲ್ಲಿ ಬಡಿದೇಬಿಟ್ಟಳು. ಗಾರೆ ನಾಲ್ಕೂ ಕಡೆ ಸಿಡಿಯಿತು. "ಯವ್ವಾ, ಹೊಸ್ತಿಲಾ ಅದು, ರೊಟ್ಟಿ ಅಲ್ಲ!" ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಣ್ಣ ಗೋಡೆಗೆ ಒರಗಿ ಕುಳಿತು ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಅಷ್ಟು ಹಿಗ್ಗನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಮಾರನೆಯ ದಿನವೇ ಮಾಫಿ ಕೇಳಲು ಕಚೇರಿಗೆ ಹೋದೆವು. ಅಲ್ಲಿ ಹಂಪಣ್ಣವರ ಸಾಹೇಬರು ಎಂಬುವರು ಕುಳಿತಿದ್ದರು. ಒಳ್ಳೆಯ ಮನುಷ್ಯ, ಆದರೆ ಕಾಯಿದೆ ಅಂದರೆ ಕಾಯಿದೆ. ಕೇಳುವುದು ಒಂದೇ ಪ್ರಶ್ನೆ, ಎಲ್ಲರಿಗೂ ಅದೇ ಪ್ರಶ್ನೆ. "ಏನವ್ವಾ, ಇದಕ್ಕಿಂತ ಮೊದಲ ಯಾವ ಹೊಸ್ತಿಲದ ಮ್ಯಾಲರ ಅಂಗೈ ಊರೀಯೇನು?" ಎಲ್ಲರೂ ಇಲ್ರಿ ಎನ್ನುತ್ತಾರೆ, ಶಿಪಾಯಿ ಕೋಠಿಗೆ ಹೋಗಿ ನೆರಳು ತಂದುಕೊಡುತ್ತಾನೆ, ಮುಗಿಯಿತು. ನಾನಾಗಲೇ ಹೊರಡಲು ಎದ್ದು ಚಪ್ಪಲಿ ಮೆಟ್ಟುತ್ತಿದ್ದೆ.

"ಒಮ್ಮೆ ಊರೀನ್ರಿ" ಎಂದಳು ವೈನಿ.

ನಾನು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತೆ. ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವಳು ನಿಧಾನವಾಗಿ ಹೇಳಿದಳು. ಅವಳ ಅಪ್ಪ ಗಾರೆ ಕೆಲಸದವನು. ಅವಳು ಇನ್ನೂ ಲಂಗ ಎಳೆದುಕೊಂಡು ಓಡಾಡುತ್ತಿದ್ದ ವಯಸ್ಸಿನಲ್ಲಿ ಅವನು ಶೆಟ್ಟರ ದೊಡ್ಡ ಮನೆ ಕಟ್ಟಿದ್ದ. ಹೊಸ್ತಿಲಿಗೆ ಗಾರೆ ಮೆತ್ತಿ ಶೆಟ್ಟರನ್ನು ಕರೆಯಲು ಹೋದಾಗ, ಇವಳು ಮೆತ್ತಗಿನ ಬೆಳ್ಳಗಿನ ಗಾರೆ ನೋಡಿ ಆಸೆ ತಡೆಯದೆ ಒಂದು ಮೂಲೆಯಲ್ಲಿ ಕೈ ಊರಿಬಿಟ್ಟಿದ್ದಳು. ಅಪ್ಪನ ಹೊಡೆತಕ್ಕೆ ಹೆದರಿ ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕಿದ್ದಳು. ಶೆಟ್ಟರು ನಡುವೆ ಅಂಗೈ ಊರಿ ಹೋದ ಮೇಲೆ ಬುಟ್ಟಿ ತೆಗೆದಾಗ ಗಾರೆ ಒಣಗಿತ್ತು. ಶೆಟ್ಟರ ಮನೆಯವರು ಲಕ್ಷ್ಮಿಯೇ ಬಂದು ಕೈ ಊರಿದಳೆಂದು ಅರಿಶಿನ ಕುಂಕುಮ ಹಚ್ಚಿದರು. ಅಪ್ಪ ಬಾಯಿ ಬಿಡಲಿಲ್ಲ, ಇವಳೂ ಬಿಡಲಿಲ್ಲ.

"ಅಂಗೈ ಊರಿದ್ರ ಮನಿ ಇದ್ದಂಗನ ಅವ್ವಾ" ಎಂದರು ಸಾಹೇಬರು. ಅವರಿಗೂ ಕೆಡುಕೆನಿಸಿತ್ತು. "ಇದು ನಿನ್ನ ಮೊದಲನೇ ಮನಿ ಆಗೂದಿಲ್ಲ. ಶೆಟ್ಟರ ಮನಿಯವರು ಒಪ್ಪಿ, ಆ ಅಂಗೈನ ಕೆತ್ತಿ ತಗದ್ರ ಆಗ ನೋಡೂಣು. ಇಲ್ಲಾಂದ್ರ ಮಾಫಿ ಇಲ್ಲ."

ದಾರಿಯುದ್ದಕ್ಕೂ ನಾನು ಅವಳಿಗೆ ಬೈದೆ. ನನ್ನ ಬಾಯಿ ಹೇಗೆಂದು ಊರಿಗೇ ಗೊತ್ತು. "ಹಾದ್ಯಾಗ ಹೋಗೂ ಮಾರಿನ ಮನಿಗೆ ಕರಕೊಂಡ್ಯಲ್ಲ! ನೀ ಸಣ್ಣಾಕಿ ಇದ್ದಾಗಿನ ಕೈಗೂ ಈಗಿನ ಕೈಗೂ ತಾಳೆ ನೋಡಾಕ ಯಾರಿಗೆ ಬರ್ತಿತ್ತು? ಬಾಯಿಗೆ ಬೀಗ ಹಾಕಿದ್ರ ಏನ ಗಂಟು ಹೋಗ್ತಿತ್ತು ನಿಂದು?"

"ಅವರು ಕೇಳಿದ್ರಲ್ಲ ಸಾವಂತ್ರಿ" ಎಂದಳು. "ಕೇಳದಿದ್ರ ನಾನೂ ಹೇಳ್ತಿರಲಿಲ್ಲ."

"ಅಣ್ಣ ಸತ್ರ?"

ಅವಳು ನಡೆಯುತ್ತಿದ್ದವಳು ನಿಂತಳು. "ಸುಳ್ಳು ಹೇಳಿ ತಂದ ನೆರಳಿನ್ಯಾಗ ಅವರನ್ನ ಹ್ಯಾಂಗ ಮಲಗಿಸ್ಲಿ? ಹೊಳ್ಳಿ ಹೊಳ್ಳಿ ಮ್ಯಾಲ ನೋಡಕೋತ ಕೂಡ್ರಬೇಕಾಗ್ತೈತಿ. ನನ್ನ ಕೈಲಿ ಆಗೂದಿಲ್ಲ." ಇಷ್ಟು ಹೇಳಿ ಮುಂದೆ ನಡೆದಳು. ನನಗೆ ಸಿಟ್ಟು ಇಳಿಯಲಿಲ್ಲ. ಆ ಹೊತ್ತಿನಲ್ಲಿ ಅವಳು ನನಗೆ ದೊಡ್ಡವಳಾಗಿ ಕಾಣಲಿಲ್ಲ, ಶುದ್ಧ ಹಟಮಾರಿಯಾಗಿ ಕಂಡಳು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಆ ವಾರ ಬಿಸಿಲು ಏರಿತು. ಅಣ್ಣ ಹೊಸ ಮನೆಯ ಒಳಕೋಣೆಯಲ್ಲೇ ಬಿದ್ದ. ಒದ್ದೆ ದುಪ್ಪಟಿ ಹೊದಿಸಿದರೆ ಕ್ಷಣದಲ್ಲಿ ಒಣಗಿ ಗರಿಗರಿಯಾಗುತ್ತಿತ್ತು. ವೈನಿ ಮತ್ತು ನಾನು ಸರದಿಯಲ್ಲಿ ಬೀಸಣಿಗೆ ಬೀಸಿದೆವು. ಸಂಜೆ ಅಣ್ಣ ಕಣ್ಣು ತೆರೆದು, "ಅಂಜಿದ್ರೇನ?" ಎಂದು ಕೇಳಿದ. ವೈನಿ ಎದ್ದು ಹೋಗಿ ಅಟ್ಟದ ಮೇಲಿಂದ ಅವಳ ಅಪ್ಪನ ಚೀಲ ಇಳಿಸಿದಳು. ಅದರೊಳಗೆ ಉಳಿ, ಸುತ್ತಿಗೆ ಇದ್ದವು.

ಬೆಳಗ್ಗೆ ಇಬ್ಬರೂ ಶೆಟ್ಟರ ಮನೆಗೆ ಹೋದೆವು. ಅಷ್ಟು ದೊಡ್ಡ ಮನೆಯಲ್ಲಿ ಈಗ ಇರುವವಳು ಶೆಟ್ಟರ ಸೊಸೆ ಕಾಶಮ್ಮ ಒಬ್ಬಳೇ. ಗಂಡನಿಲ್ಲ, ಮಕ್ಕಳಾಗಲಿಲ್ಲ. ಹೊಸ್ತಿಲು ತೊಳೆದು, ಮೂಲೆಯ ಆ ಪುಟ್ಟ ಅಂಗೈಗೆ ಅರಿಶಿನ ಹಚ್ಚುತ್ತ ಕುಳಿತಿದ್ದಳು. ವೈನಿ ಅವಳೆದುರು ಕುಳಿತು ಎಲ್ಲವನ್ನೂ ಹೇಳಿದಳು. ಬುಟ್ಟಿ ಬೋರಲು ಹಾಕಿದ್ದು, ಸಾಹೇಬರು ಹೇಳಿದ್ದು, ಅಣ್ಣ ಬಿದ್ದದ್ದು. ಕಾಶಮ್ಮ ಅರಿಶಿನದ ಬಟ್ಟಲು ಕೆಳಗಿಟ್ಟಳು. ಬೆರಳಿಗೆ ಅಂಟಿದ ಅರಿಶಿನ ನೋಡಿಕೊಳ್ಳುತ್ತಿದ್ದಳು.

"ನಾ ಈ ಮನಿಗೆ ಲಗ್ನಾಗಿ ಬಂದ ದಿನ ಅತ್ತಿ ಇದನ್ನ ತೋರಿಸಿದ್ರು" ಎಂದಳು ಕೊನೆಗೆ. "ಲಕ್ಷ್ಮೀದು ಅಂತ ಅವರು ಪೂಜಿ ಮಾಡತಿದ್ರು. ನಾನು ಅರಿಶಿನ ಹಚ್ಚಿದ್ರೂ ಲಕ್ಷ್ಮಿ ಅನಕೊಳ್ಳಲಿಲ್ಲ. ನನಗ ಇದು ಕೂಸಿನ ಕೈನ ಆಗಿತ್ತು. ದಿನಾ ಮುಖ ತೊಳಸಿದಂಗ ತೊಳಸತಿದ್ದೆ." ಆಮೇಲೆ ಎದ್ದಳು. "ಕೆತ್ತವ್ವಾ. ಜೀವಕ್ಕಿಂತ ದೊಡ್ಡದಲ್ಲ." ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಕಿವಿ ಮುಚ್ಚಿಕೊಂಡಿದ್ದಳು.

ವೈನಿ ಉಳಿಯನ್ನು ಆ ಅಂಗೈಯ ಅಂಚಿಗೆ ಇಟ್ಟಳು. ಸುತ್ತಿಗೆ ಎತ್ತಿದಳು. ಬೆರಳುಗಳು ಸವೆದು ನುಣುಪಾಗಿದ್ದವು, ಕಿರುಬೆರಳಂತೂ ಒಂದು ಅವರೆಕಾಳಿನಷ್ಟು. ಸುತ್ತಿಗೆ ಎತ್ತಿದ ಕೈ ಕೆಳಗೆ ಬರಲಿಲ್ಲ. ನಾನು ಕಾದೆ. ಇನ್ನೂ ಬರಲಿಲ್ಲ. ನನ್ನ ಕಣ್ಣ ಮುಂದೆ ಅಣ್ಣನ ಒಣಗಿದ ತುಟಿ ಬಂತು. "ಕೊಡಿಲ್ಲೆ, ನಾ ಹೊಡಿತೀನಿ!" ಎಂದು ಉಳಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿಯುವ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

"ಇದನ್ನ ಒಡದು ಹಾಕಿ, ಇದು ಇರಲೇ ಇಲ್ಲ ಅಂತ ಹೋಗಿ ನಿಂತ್ರ ಅದೂ ಸುಳ್ಳ ಅಲ್ಲೇನ?" ಎಂದಳು. ಅಳುತ್ತಿದ್ದಳು. "ಅದರ ಮ್ಯಾಲ ಇದು ಒಬ್ಬಾಕಿಗೆ ಕೂಸಿನ ಕೈ ಬ್ಯಾರೆ." ಉಳಿ ಸುತ್ತಿಗೆ ಚೀಲಕ್ಕೆ ಹಾಕಿ, ಕಾಶಮ್ಮನ ಅರಿಶಿನದ ಬಟ್ಟಲು ತೆಗೆದುಕೊಂಡು, ಅರ್ಧಕ್ಕೆ ನಿಂತಿದ್ದ ಪೂಜೆಯನ್ನು ತಾನೇ ಮುಗಿಸಿದಳು. ತನ್ನದೇ ಕೈಗೆ ತಾನೇ ಅರಿಶಿನ ಹಚ್ಚಿದ ಹೆಂಗಸನ್ನು ನಾನು ಅವಳೊಬ್ಬಳನ್ನೇ ನೋಡಿದ್ದು. ಕಾಶಮ್ಮ ಹೊರಗೆ ಬಂದು, ಅಂಗೈ ಹಾಗೆಯೇ ಇರುವುದನ್ನು ನೋಡಿ, ಅಲ್ಲೇ ಕುಸಿದು ಕುಳಿತಳು. ನಂತರ ಚಪ್ಪಲಿ ಮೆಟ್ಟಿ, "ನಡೀರಿ, ನಾನೂ ಬರ್ತೀನಿ ಕಚೇರಿಗೆ" ಎಂದಳು.

ಸಾಹೇಬರ ಮುಂದೆ ವೈನಿ ಸುತ್ತು ಬಳಸಿ ಮಾತಾಡಲಿಲ್ಲ. "ಅಂಗೈ ನಂದರೀ. ಕೆತ್ತೂದಿಲ್ಲ. ನನ್ನ ಮಾಫಿ ಬಿಟ್ಟಬಿಡ್ರಿ. ಒಂದು ಹಳೇ ಹರಕ ನೆರಳರ ಇದ್ರ ಈ ಬ್ಯಾಸಗಿ ಮಟ್ಟಿಗೆ ಕಡಾ ಕೊಡ್ರಿ, ದುಡದು ತೀರಿಸ್ತೀನಿ."

"ಕಡಾ ಕೊಡೂ ಕಾಯಿದೆ ಇಲ್ಲವ್ವಾ" ಎಂದರು ಸಾಹೇಬರು, ತಲೆ ತಗ್ಗಿಸಿಕೊಂಡೇ. "ನಾ ಏನ ಬರಕೋಬೇಕು ಹೇಳು. ಫಕ್ಕೀರವ್ವ, ಸಣ್ಣಾಕಿ ಇದ್ದಾಗಿಂದನ ಮನಿ ಒಡತಿ. ಅಷ್ಟ."

ಆ ಮಾತು ನನ್ನ ಕಿವಿಗೆ ಬಿತ್ತು. ಬಿದ್ದದ್ದೇ ತಡ, ನನ್ನ ಹಾಳು ಬಾಯಿ ಒಂದು ಸಲವಾದರೂ ಉಪಯೋಗಕ್ಕೆ ಬಂತು.

"ಸಾಹೇಬ್ರ, ಮನಿ ಒಡತಿ ನೆರಳು ಎಲ್ಲೀತನ ಒಯ್ಯಬೇಕ್ರಿ?"

"ಸೊಂಟದ ತನಕ. ಊರಿಗೇ ಗೊತ್ತೈತಲ್ಲ."

"ಹಂಗಾರ ನಮ್ಮ ವೈನಿದು ಇಷ್ಟ ವರ್ಷ ತಲಿತನ ಯಾಕ ಒಯ್ದ್ರಿ?"

ಸಾಹೇಬರು ಕನ್ನಡಕ ಒರೆಸಿಕೊಂಡರು. ನಾನು ಬಿಡಲಿಲ್ಲ. "ಮಾಫಿ ಕೇಳಿದ್ರ ಒಡತಿ, ಕಂದಾಯ ಒಯ್ಯೂವಾಗ ಬಾಡಿಗಿಯಾಕಿ! ಇದ್ಯಾವ ಊರಿನ ನ್ಯಾಯ ರೀ? ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂದಂಗ ಆತು. ಒಂದ ಏನರ ಹೇಳ್ರಿ. ಒಡತಿ ಅಲ್ಲಂದ್ರ ಮಾಫಿ ಕೊಡ್ರಿ. ಒಡತಿ ಅಂದ್ರ ಹೆಚ್ಚಿಗಿ ಒಯ್ದದ್ದನ್ನೆಲ್ಲಾ ತಿರುಗಿ ಕೊಡ್ರಿ."

ಕಚೇರಿಯಲ್ಲಿದ್ದ ಶಿಪಾಯಿಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಆಕಿ ಒಡತಿ ಅನ್ನಾಕ ಆ ಮನಿಯವರು ಒಪ್ಪಬೇಕಲ್ಲ" ಎಂದರು. "ಒಪ್ಪಿದ್ರ ಒಂದ ಹೊಸ್ತಿಲಕ್ಕ ಎರಡು ಅಂಗೈ, ಅರ್ಧ ಮನಿ ಈಕೀಗೆ ಹೋಕೈತಿ. ಅಷ್ಟು ದೊಡ್ಡ ಮನಿ. ಯಾರು ಒಪ್ತಾರ?"

"ನಾ ಒಪ್ಪೀನಿ" ಎಂದಳು ಕಾಶಮ್ಮ ಬಾಗಿಲಿನಿಂದ. "ಕೈ ಆಕೀದು. ಆಕಿ ನನಗಿಂತ ಮೊದಲ ಆ ಮನ್ಯಾಗ ಕಾಲಿಟ್ಟಾಕಿ. ಬರಕೋರಿ."

"ಅವ್ವಾ, ನನಗ ನಿಮ್ಮ ಮನಿ ಬ್ಯಾಡರಿ" ಎಂದು ವೈನಿ ಗಾಬರಿಯಾದಳು. ಕಾಶಮ್ಮ ಅವಳಿಗೆ ಗದರಿದಳು: "ಸುಮ್ಮನಿರು. ಸುಳ್ಳು ಹೇಳೂದಿಲ್ಲ ಅಂದೀ, ಖರೇದ್ದು ಸಿಕ್ಕಾಗ ತಗೊಳ್ಳಾಕೂ ಕಲೀಬೇಕು." ಸಾಹೇಬರು ಮೊದಲ ಸಲ ನಕ್ಕರು. ಕಾಯಿದೆಯ ಮನುಷ್ಯ ಕಾಯಿದೆಗೆ ಸೋತರೆ ಅವನಿಗೆ ಬೇಜಾರಿಲ್ಲ ಅಂತ ಕಾಣುತ್ತದೆ. ಕೋಠಿಯ ಬೀಗ ತೆಗೆಯಲು ಹೇಳಿದರು.

ಕೋಠಿಯಲ್ಲಿ ಹಾಸಿಗೆ ಒಟ್ಟಿದ ಹಾಗೆ ನೆರಳು ಒಟ್ಟಿದ್ದರು. ವೈನಿಯವು ಒಂದೊಂದಾಗಿ ಬಂದವು. ಕೆಲವು ಹೊಚ್ಚ ಹೊಸದರಂತಿದ್ದವು. ಸಂತೆಯ ಮೇಲೆ ಹಾಸಿದ್ದವು ತೂತು ಬಿದ್ದು ಉಳ್ಳಾಗಡ್ಡಿ ವಾಸನೆ ಹೊಡೆಯುತ್ತಿದ್ದವು. ಶಿಪಾಯಿ ಒಂದೊಂದನ್ನೂ ಬಿಚ್ಚಿ, ಸೊಂಟದ ಹತ್ತಿರ ಕತ್ತರಿ ಆಡಿಸಿ, ಮೇಲಿನ ಭಾಗ ನಮಗೆ ಕೊಟ್ಟು ಕೆಳಗಿನದನ್ನು ಮತ್ತೆ ಒಟ್ಟುತ್ತಿದ್ದ. ಒಂದನ್ನು ಬಿಚ್ಚಿದವನು ಕತ್ತರಿ ಹಿಡಿದು ಸುಮ್ಮನೆ ನಿಂತ. ದುಂಡು ಹೊಟ್ಟೆಯ ನೆರಳು. ಎಲ್ಲಿ ಕತ್ತರಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ವೈನಿ ಮುಖ ಬೇರೆ ಕಡೆ ತಿರುಗಿಸಿದಳು. ಸಾಹೇಬರು ಹತ್ತಿರ ಬಂದು ನೋಡಿ, "ಅದನ್ನ ಹಂಗ ಕೊಡು. ಇಡೀದು ಕೊಡು" ಎಂದರು. ಶಿಪಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಮಾಳಿಗೆಯ ಮೇಲೆ ಮೂರು ಪದರ ಹಾಸಿದರೂ ನೆರಳು ಉಳಿಯಿತು. ಅಂಗಳಕ್ಕೆ ಗಳ ಕಟ್ಟಿ ಚಪ್ಪರ ಹಾಕಿದೆವು. ಇನ್ನೂ ಉಳಿದದ್ದನ್ನು ವೈನಿ ನಮ್ಮ ಹಳೆಯ ಓಣಿಯ ಬಾಡಿಗೆಯವರಿಗೆ ಹಂಚಿದಳು. ನಾಲ್ಕು ದಿನದಲ್ಲಿ ಅಣ್ಣ ಎದ್ದು ಕುಳಿತು ರೊಟ್ಟಿ ಕೇಳಿದ. ಅವನು ರೊಟ್ಟಿ ಕೇಳಿದ ಸದ್ದಿಗೆ ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಬೇಸಿಗೆ ಮುಗಿಯುವ ತನಕ ಅವನು ಒಮ್ಮೆಯೂ ಬೀಳಲಿಲ್ಲ.

ಅವನ ಕೆಲಸವೆಂದರೆ ಚಪ್ಪರದ ಕೆಳಗೆ ಹೊರಸಿನ ಮೇಲೆ ಮಲಗಿ ಮೇಲೆ ನೋಡುವುದು. ಅಲ್ಲಿ ಅವನ ಹೆಂಡತಿ ಎಲ್ಲ ವಯಸ್ಸಿನಲ್ಲೂ ಇದ್ದಳು. "ಇದು ನೀ ಲಗ್ನಾಗಿ ಬಂದ ವರ್ಷದ್ದಲ್ಲೇನ? ಜಡಿ ಎಷ್ಟು ಉದ್ದ ಇತ್ತು ನೋಡು" ಎನ್ನುತ್ತಿದ್ದ. "ಇದರಾಗ ತಲಿ ಮ್ಯಾಲ ರೊಟ್ಟಿ ಬುಟ್ಟಿ ಐತಿ. ಶಿಪಾಯಿ ಬಂದಾಗ ಕೆಳಗ ಇಡಾಕೂ ಪುರಸೊತ್ತಿರಲಿಲ್ಲ ನಿನಗ." ವೈನಿ ಒಲೆಯ ಮುಂದೆ ಕುಳಿತು ನಾಚಿಕೊಂಡು, "ಮಲಗ್ರಿ ಸುಮ್ಮನ" ಎನ್ನುತ್ತಿದ್ದಳು. ಈ ವಯಸ್ಸಿನಲ್ಲಿ ಗಂಡ ಹೆಂಡತಿಯ ಇಂಥ ಮಾತು ಕೇಳಲು ನನಗೇ ಸಂಕೋಚವಾಗಿ ಹಿಟ್ಟಿನ ಪರಾತ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಒಂದು ದಿನ ಅವನು ಎಲ್ಲವನ್ನೂ ಎರಡೆರಡು ಸಲ ನೋಡಿ ಕೇಳಿದ. "ಆ ವರ್ಷದ್ದು ಕಾಣವಲ್ದಲ್ಲ?"

ಯಾವ ವರ್ಷ ಎಂದು ವೈನಿ ಕೇಳಲಿಲ್ಲ. ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೆ ನಿಂತಿತು.

"ಕಾಶಮ್ಮನವರ ಹೊಸ್ತಿಲದ ಮ್ಯಾಲ ಹಾಸಿ ಬಂದೀನ್ರಿ" ಎಂದಳು. "ಆ ಸಣ್ಣ ಕೈ ಇಷ್ಟ ದಿನ ಬಿಸಲಾಗ ಇತ್ತು."

ಅಣ್ಣ ಮತ್ತೆ ಚಪ್ಪರದ ಕಡೆ ಮುಖ ಮಾಡಿದ. ಸುಣ್ಣದ ಗೂಡು ಅವನ ಬೆವರನ್ನೆಲ್ಲ ಕುಡಿದಿತ್ತು, ಕಣ್ಣೀರನ್ನು ಮಾತ್ರ ಕುಡಿದಿರಲಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಅದನ್ನು ಅವನು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಎದ್ದು ಕುಳಿತು, ಕಾಲಿಗೆ ಚಪ್ಪಲಿ ಹುಡುಕಿದ.

"ನನ್ನೂ ಕರಕೊಂಡು ನಡಿ" ಎಂದ. "ನಾ ಇನ್ನೂ ನೋಡಿಲ್ಲ ಅದನ್ನ."